ಬೆಟ್ಟದ ಮೇಲೊಂದು ಸಮಾಧಿ, ಅಂಗೈಯಲ್ಲೊಂದು ನಾಣ್ಯ

ಆಫೀಸಿನ ಕೆಲಸಕ್ಕೆ ಅಂತ ಶಾಂಘೈಗೆ ಹೋಗಿಬರುವ ಬೆಂಗಳೂರಿನವರು ಈಗ ಕಡಿಮೆಯೇನಿಲ್ಲ. ನಿಮಗೂ ಆ ಅವಕಾಶ ಬಂದು, ಒಂದು ಶನಿವಾರ ಖಾಲಿ ಸಿಕ್ಕರೆ ಮಾಲ್ ಸುತ್ತಬೇಡಿ. ನಾನ್‌ಜಿಂಗ್ ರೈಲು ಹತ್ತಿ. ದೂರ ಸುಮಾರು 300 ಕಿ.ಮೀ. ಹೈಸ್ಪೀಡ್ ರೈಲಿನಲ್ಲಿ ಒಂದರಿಂದ ಎರಡು ಗಂಟೆ, ಅಷ್ಟೇ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಳೆಗಾಲದ ಸಂಜೆ ಕಳೆಯುವ ಹೊತ್ತು!

ಊರಿನ ಪೂರ್ವಕ್ಕೆ ನೇರಳೆ ಬೆಟ್ಟ ಇದೆ. ಅದರ ಇಳಿಜಾರಿನಲ್ಲಿ ಸನ್ ಯಾತ್ ಸೆನ್ ಸಮಾಧಿ. ಚೀನಾದ ರಾಜಮನೆತನದ ಆಳ್ವಿಕೆಯನ್ನು ಕೊನೆಗಾಣಿಸಿದ ಕ್ರಾಂತಿಯ ನಾಯಕ ಇವರು. ಓದಿದ್ದು ವೈದ್ಯಕೀಯ. 1912ರ ಜನವರಿ 1ರಂದು ಇದೇ ನಾನ್‌ಜಿಂಗ್‌ನಲ್ಲಿ ಗಣರಾಜ್ಯದ ಹಂಗಾಮಿ ಅಧ್ಯಕ್ಷರಾದರು. ಮೂರೇ ತಿಂಗಳಲ್ಲಿ ಕುರ್ಚಿಯನ್ನು ಸೇನಾನಾಯಕ ಯುವಾನ್ ಶಿಕಾಯ್‌ಗೆ ಬಿಟ್ಟುಕೊಟ್ಟರು. 1925ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡರು. ತನ್ನನ್ನು ಈ ಬೆಟ್ಟದಲ್ಲೇ ಮಣ್ಣು ಮಾಡಬೇಕು ಅನ್ನೋದು ಅವರ ಆಸೆಯಾಗಿತ್ತು.

ಸಮಾಧಿಗೆ 392 ಮೆಟ್ಟಿಲು. ಕೆಳಗೆ ನಿಂತು ನೋಡಿದರೆ ಮೆಟ್ಟಿಲು ಬಿಟ್ಟು ಬೇರೇನೂ ಕಾಣೋದಿಲ್ಲ. ಮೇಲೆ ಹೋಗಿ ತಿರುಗಿ ನೋಡಿದರೆ ಒಂದೂ ಮೆಟ್ಟಿಲು ಕಾಣೋದಿಲ್ಲ, ಬರೀ ಸಮತಟ್ಟಾದ ಜಗಲಿಗಳು. ಈ ಲೆಕ್ಕಾಚಾರದ ಹಿಂದಿನ ತಲೆ ಲೂ ಯಾನ್‌ಜಿ ಎಂಬ ವಾಸ್ತುಶಿಲ್ಪಿಯದು. ವಿನ್ಯಾಸ ಸ್ಪರ್ಧೆ ಗೆದ್ದಾಗ ಆತನಿಗೆ ವಯಸ್ಸು ಮೂವತ್ತರ ಆಸುಪಾಸು, ಅಂದರೆ ಈಗ ನನಗಿರುವಷ್ಟೇ. 1926ರಲ್ಲಿ ಕಟ್ಟಡದ ಕೆಲಸ ಶುರುವಾಯಿತು. 1929ರ ಜೂನ್ 1ರಂದು ಸನ್ ಅವರ ದೇಹವನ್ನು ಇಲ್ಲಿಟ್ಟರು. ಆದರೆ ಲೂ ಅದಕ್ಕೆ ಎರಡೂವರೆ ತಿಂಗಳು ಮೊದಲೇ ಕಾಯಿಲೆಯಿಂದ ತೀರಿಹೋಗಿದ್ದ. ತಾನು ಗೀಚಿದ ಮೆಟ್ಟಿಲುಗಳ ಮೇಲೆ ಆ ಮೆರವಣಿಗೆ ಹತ್ತಿದ್ದನ್ನು ಅವನು ನೋಡಲೇ ಇಲ್ಲ.

ನಾಣ್ಯದ ಕಥೆ ಬರೋದು ಇಲ್ಲೇ. 1927ರಲ್ಲಿ ಒಂದು ಬೆಳ್ಳಿ ಡಾಲರ್ ತಯಾರಾಯಿತು. ಒಂದು ಕಡೆ ಸನ್ ಮುಖ, ಇನ್ನೊಂದು ಕಡೆ ಇದೇ ಸಮಾಧಿಯ ಚಿತ್ರ. ಬೆಟ್ಟದ ಮೇಲೆ ಕಟ್ಟಡ ಇನ್ನೂ ಮುಗಿದಿರಲಿಲ್ಲ, ನಾಣ್ಯದ ಮೇಲೆ ಆಗಲೇ ಪೂರ್ತಿಯಾಗಿ ನಿಂತಿತ್ತು! ಅದರ ಮೇಲಿರೋ ಇಸವಿ ‘16’. ಕಂಪ್ಯೂಟರ್‌ಗಳು 1970ರಿಂದ ಸೆಕೆಂಡು ಎಣಿಸುತ್ತವಲ್ಲ, ಹಾಗೆ ಗಣರಾಜ್ಯಕ್ಕೆ 1912 ಮೊದಲ ವರ್ಷ. ತೈವಾನ್‌ನಲ್ಲಿ ಇವತ್ತಿಗೂ ಈ ಲೆಕ್ಕ ಬಳಕೆಯಲ್ಲಿದೆ. ಈ ನಾಣ್ಯ ಸಂತೆಗೆ, ಅಂಗಡಿಗೆ ಬರಲೇ ಇಲ್ಲ. ಮಾದರಿ ಅಂತ ಹೊಡೆದದ್ದು ಕೆಲವೇ. ಅದಕ್ಕೇ ಇವತ್ತು ಸಂಗ್ರಹಕಾರರು ಅದಕ್ಕಾಗಿ ಮುಗಿಬೀಳುತ್ತಾರೆ.

ಜನರ ಕೈಯಲ್ಲಿ ಓಡಾಡಿದ್ದು ಬೇರೆ ನಾಣ್ಯ. ‘ಗಣರಾಜ್ಯದ ಹುಟ್ಟಿನ ನೆನಪಿಗೆ’ ಅಂತ ಬರೆದಿರುವ ಸನ್ ಡಾಲರ್. ಯುವಾನ್ ಶಿಕಾಯ್ ಮುಖದ ಡಾಲರೂ ಇತ್ತು. ಚೀನೀಯರು ಎರಡಕ್ಕೂ ಅಡ್ಡಹೆಸರು ಇಟ್ಟುಬಿಟ್ಟರು: ಯುವಾನ್‌ದು ‘ದೊಡ್ಡತಲೆ’, ಸನ್‌ದು ‘ಚಿಕ್ಕತಲೆ’. ಗಣರಾಜ್ಯ ತಂದವನು ಚಿಕ್ಕತಲೆ, ಅದನ್ನು ಮುರಿದು ತಾನೇ ಚಕ್ರವರ್ತಿ ಆಗಲು ಹೊರಟವನು ದೊಡ್ಡತಲೆ. ಹೇಗಿದೆ ನೋಡಿ ಜನರ ಲೆಕ್ಕ!

ನನ್ನ ನಾನ್‌ಜಿಂಗ್ ಸಹೋದ್ಯೋಗಿ ಅವತ್ತು ಜೊತೆಗಿದ್ದಳು. ಬೆಟ್ಟ ಇಳಿದ ಮೇಲೆ ಹಳೇ ಸಾಮಾನಿನ ಸಾಲಂಗಡಿಗಳಿಗೆ ಕರೆದುಕೊಂಡು ಹೋದಳು. ಅಲ್ಲಿ ‘ಸಮಾಧಿ ನಾಣ್ಯ’ 50 ಯುವಾನ್‌ಗೆ ಒಂದು! ಅವಳು ನಕ್ಕು, “ಅಸಲಿ ಡಾಲರ್ ಹೆಚ್ಚೂಕಡಿಮೆ 27 ಗ್ರಾಂ ತೂಗುತ್ತೆ. 50 ಯುವಾನ್‌ಗೆ ಅಷ್ಟು ಬೆಳ್ಳಿ ಯಾರು ಕೊಡ್ತಾರೆ?” ಅಂದಳು. ಹಳಬರು ಬೆಳ್ಳಿ ಡಾಲರನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಅಂಚಿಗೆ ಜೋರಾಗಿ ಊದಿ, ತಕ್ಷಣ ಕಿವಿಗೆ ಹಿಡಿಯುತ್ತಿದ್ದರಂತೆ. ಬೆಳ್ಳಿಯಾದರೆ ಸಣ್ಣಗೆ ಗುಂಯ್ ಅನ್ನುತ್ತೆ. ಅಂಗಡಿಯದ್ದು ಊದಿದೆ. ಉಸಿರೂ ಇಲ್ಲ.

ಆಮೇಲೆ ಚಹಾ ಕುಡಿಯುತ್ತಾ ಮನೆಯ ವಿಷಯ ಹೇಳಿದಳು. ಅವಳ ಮುತ್ತಜ್ಜಿಯ ಒಂದು ಚಿಕ್ಕತಲೆ ಮನೆಯಲ್ಲಿದೆ. 1935ರಲ್ಲಿ ಸರ್ಕಾರ ಬೆಳ್ಳಿಯನ್ನು ಬಿಟ್ಟು ನೋಟಿಗೆ ಹೋದಾಗ ಜನ ಬೆಳ್ಳಿಯನ್ನು ಒಪ್ಪಿಸಬೇಕಿತ್ತು. ಮುತ್ತಜ್ಜಿ ಒಂದನ್ನು ಮಾತ್ರ ಬಟ್ಟೆಯಲ್ಲಿ ಹೊಲಿದು ಉಳಿಸಿಕೊಂಡಳು. ಯುದ್ಧ ಬಂತು, ಬರಗಾಲ ಬಂತು, ನಾಣ್ಯ ಹೋಗಲಿಲ್ಲ. ಈಗ ಚಿಕ್ಕಪ್ಪನ ಮಗನಿಗೆ ಫ್ಲ್ಯಾಟ್ ಕೊಳ್ಳಬೇಕು. ಮಾರೋಣ ಅಂತ ಅವನು, ಬೇಡ ಅಂತ ಇವಳು. ಆರು ತಿಂಗಳು ಇಬ್ಬರಿಗೂ ಮಾತಿಲ್ಲ. ನಮ್ಮಲ್ಲಿ ಅಜ್ಜಿಯ ಅವಲಕ್ಕಿ ಸರಕ್ಕೆ ನಡೆಯೋ ಜಗಳವೇ ತಾನೇ!

ಕೊನೆಗೆ ಇಬ್ಬರೂ ಸೇರಿ ತಿಳಿದವರಿಗೆ ತೋರಿಸಿದರು. ಆತ ನೋಡಿದ್ದು ನಕ್ಷತ್ರಗಳನ್ನು. 1912ರ ಮೊದಲ ನಾಣ್ಯಗಳಲ್ಲಿ ನಕ್ಷತ್ರಕ್ಕೆ ಐದು ಮೂಲೆ, ಅವು ಅಪರೂಪ. 1927ರ ನಂತರ ರಾಶಿ ರಾಶಿ ಹೊಡೆದವುಗಳಲ್ಲಿ ಆರು ಮೂಲೆ. ಮುತ್ತಜ್ಜಿಯದ್ದು ಆರು ಮೂಲೆ. ಬಂದ ಬೆಲೆಗೆ ಫ್ಲ್ಯಾಟಿನಲ್ಲಿ ಒಂದು ಚದರ ಮೀಟರ್ ಕೂಡ ಬರುತ್ತಿರಲಿಲ್ಲ. “ಐದು ಮೂಲೆ ಇದ್ದಿದ್ರೆ ನಾವು ಇವತ್ತಿಗೂ ಮಾತಾಡ್ತಿರಲಿಲ್ಲ” ಅಂದಳು. ಈಗ ಅದು ಒಂದು ವರ್ಷ ಅವಳ ಮನೆಯಲ್ಲಿ, ಒಂದು ವರ್ಷ ಅವನ ಮನೆಯಲ್ಲಿ.

ಸಮಾಧಿಯ ದ್ವಾರದ ಮೇಲೆ ಸನ್ ಬರೆದ ನಾಲ್ಕು ಅಕ್ಷರಗಳಿವೆ. ಲೋಕ ಎಲ್ಲರಿಗೂ ಸೇರಿದ್ದು ಅಂತ ಅರ್ಥ. ಅಂಥವರ ಮುಖ ಇರುವ ಒಂದು ನಾಣ್ಯ ಲಾಕರ್‌ನಲ್ಲಿ ಒಬ್ಬರದೇ ಆಗಿ ಕೂತಿದೆ, ಇನ್ನೊಂದು ಎರಡು ಮನೆಯ ನಡುವೆ ಓಡಾಡುತ್ತಿದೆ. ನನಗೆ ಎರಡನೆಯದೇ ಹೆಚ್ಚು ಬೆಲೆಯದು ಅನ್ನಿಸಿತು.

ಹೋಗುವವರಿಗೆ ಎರಡು ಮಾತು. ಸಮಾಧಿಗೆ ಪ್ರವೇಶ ಉಚಿತ, ಆದರೆ ಮುಂಚೆಯೇ ಬುಕ್ ಮಾಡಬೇಕು, ಸೋಮವಾರ ಬೇಡ. ನೆನಪಿಗೊಂದು ನಾಣ್ಯ ಬೇಕೆಂದರೆ, ಸನ್ ಹುಟ್ಟಿ 150 ವರ್ಷ ಆದಾಗ 2016ರಲ್ಲಿ ಬಂದ 5 ಯುವಾನ್ ನಾಣ್ಯ ಕೇಳಿ. 30 ಕೋಟಿ ಹೊಡೆದಿದ್ದಾರೆ. ಅದಕ್ಕಾಗಿ ಯಾರ ಮನೆಯಲ್ಲೂ ಜಗಳ ಆಗೋದಿಲ್ಲ.