ಇಪ್ಪತ್ತನಾಲ್ಕು ಸೆಕೆಂಡಿನ ಪಂದ್ಯವೂ ಒಂದು ತೀರ್ಪೂ

ಸಂಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಶಿಸ್ತನ್ನೋ ಸಮಯಪಾಲನೆಯನ್ನೋ ಪರೀಕ್ಷೆಯ ಫಲಿತಾಂಶವನ್ನೋ ಕುರಿತಿರುವುದು ವಾಡಿಕೆ. ಈ ಸಾರಿ ನಾನು ಗಂಡಸರ ಈಜಿನ ಪಂದ್ಯವೊಂದನ್ನು ಕುರಿತು ಬರೆಯಲು ಕುಳಿತಿರುವೆನೆಂದು ಕೇಳಿದರೆ ನಮ್ಮ ಹಳೆಯ ವಿದ್ಯಾರ್ಥಿನಿಯರು ನಕ್ಕಾರು. ನಗಲಿ. ನನಗೆ ಈಜು ಬಾರದು. ಬಾಲ್ಯದಲ್ಲಿ ಸೋದರಮಾವನವರು ಒಣಗಿದ ಸೋರೆಬುರುಡೆಯನ್ನು ಕಟ್ಟಿ ನನ್ನನ್ನು ತೋಟದ ಬಾವಿಗೆ ಇಳಿಸಿದ್ದುಂಟು. ಅಂಗಾತ ತೇಲುತ್ತ ಆಕಾಶವನ್ನು ನೋಡುವಷ್ಟು ಕಲಿತೆನೇ ಹೊರತು, ಹಾಗೆಯೇ ಮುಂದಕ್ಕೆ ಸಾಗುವುದನ್ನು ಕಲಿಯಲಿಲ್ಲ. ಆದರೂ ಆ ಪಂದ್ಯದ ಋಣವೊಂದು ನನ್ನ ಮೇಲಿದೆ.

ಅಂಗಾತ ಮಲಗಿ ಈಜುವ ಈ ಬಗೆಯನ್ನು ಪತ್ರಿಕೆಗಳು ಬ್ಯಾಕ್‌ಸ್ಟ್ರೋಕ್ ಎಂದು ಬರೆಯುತ್ತವೆ. ನಮ್ಮ ಹುಡುಗಿಯರಿಗೆ ಈ ಹೆಸರು ಪರಿಚಯವಾದದ್ದು ಬೆಂಗಳೂರಿನ ಶ್ರೀಹರಿ ನಟರಾಜ್ ಅವರಿಂದ. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಅವರು ಇದರ 50 ಮೀಟರ್ ಪಂದ್ಯದ ಅಂತಿಮ ಸುತ್ತನ್ನು ಸೇರಿ, 25.23 ಸೆಕೆಂಡುಗಳಲ್ಲಿ ಐದನೆಯವರಾಗಿ ಬಂದರು. ಅಂದಿನಿಂದ ನಮ್ಮ ವ್ಯಾಯಾಮ ಶಿಕ್ಷಕಿಯವರಿಗೆ ಈ ಪಂದ್ಯಗಳ ಹುಚ್ಚು. ನಾನು ಹೇಳಹೊರಟಿರುವ ಪಂದ್ಯವನ್ನು ಅವರೇ ಒಂದು ಸಂಜೆ ತಮ್ಮ ಮೊಬೈಲಿನಲ್ಲಿ ನನಗೆ ತೋರಿಸಿದರು. ಏತಕ್ಕೆ ತೋರಿಸಿದರೆಂಬುದನ್ನು ಮುಂದೆ ಹೇಳುವೆನು.

ಅದು ನಡೆದದ್ದು ಅದೇ ವರ್ಷದ ಜೂನ್ 25ರಂದು, ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ. ಡ್ಯಾನ್ಯೂಬ್ ನದಿಯ ದಡದಲ್ಲಿರುವ ಡೂನಾ ಅರೀನಾ ಎಂಬ ಕ್ರೀಡಾಮಂದಿರದಲ್ಲಿ ವಿಶ್ವ ಈಜು ಚಾಂಪಿಯನ್‌ಷಿಪ್ಪಿನ ಕಡೆಯ ದಿನ. ಗೋಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಓಟ. ತಿರುವಿಲ್ಲ, ಉಸಿರು ಸುಧಾರಿಸಿಕೊಳ್ಳಲು ಎಡೆಯಿಲ್ಲ. ಇತರ ಈಜುಗಳಲ್ಲಿ ಕಟ್ಟೆಯ ಮೇಲಿಂದ ಧುಮುಕುವರು; ಇದರಲ್ಲಾದರೋ ನೀರೊಳಗೇ ಇದ್ದು, ಹಿಡಿಗಳನ್ನು ಹಿಡಿದು, ಗೋಡೆಯನ್ನು ಕಾಲಿನಿಂದ ಒದ್ದು ಹಿಂದಕ್ಕೆ ಚಿಮ್ಮುವರು. ಸೇರಬೇಕಾದ ಗೋಡೆ ಈಜುಗಾರನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆಂದೇ ಗೋಡೆಗೆ 5 ಮೀಟರ್ ಈಚೆಗೆ, ನೀರಿನಿಂದ 1.8 ಮೀಟರ್ ಎತ್ತರದಲ್ಲಿ, ಜಾತ್ರೆಯ ತೋರಣದಂತೆ ಸಣ್ಣ ಬಾವುಟಗಳ ಸಾಲನ್ನು ಕಟ್ಟಿರುತ್ತಾರೆ. ಬಾವುಟಗಳು ತಲೆಯ ಮೇಲೆ ಹಾದೊಡನೆ ಈಜುಗಾರನು ಕೈಬೀಸುಗಳನ್ನು ಎಣಿಸಿಕೊಳ್ಳುತ್ತ, ಕಾಣದ ಗೋಡೆಯನ್ನು ನಂಬಿ ತಲೆಯನ್ನು ಹಿಂದಕ್ಕೆಸೆದು ತೋಳನ್ನು ಚಾಚಬೇಕು.

ಅಂದು ಮೊದಲು ಗೋಡೆ ಮುಟ್ಟಿದವನು ಅಮೆರಿಕದ ಜಸ್ಟಿನ್ ರೆಸ್, 24.12 ಸೆಕೆಂಡು. ಎರಡನೆಯವನು ಅದೇ ದೇಶದ ಹಂಟರ್ ಆರ್ಮ್‌ಸ್ಟ್ರಾಂಗ್, 24.14. ಅದೇ ಏಪ್ರಿಲ್ ತಿಂಗಳಲ್ಲಿ ಈ ದೂರವನ್ನು 23.71 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದ್ದವನು ಈತನೇ. ಮೂರನೆಯವನು ಪೋಲೆಂಡಿನ ಕ್ಸಾವೆರಿ ಮಾಶುಕ್, ಹದಿನೇಳು ವರ್ಷದ ಬಾಲಕ; 24.49. ಮೊದಲಿಬ್ಬರ ನಡುವಣ ಅಂತರ ಸೆಕೆಂಡಿನ ನೂರರಲ್ಲಿ ಎರಡು ಭಾಗ. ನಮ್ಮ ಗಣಿತದ ಶಿಕ್ಷಕಿಯವರು ಅಲ್ಲಿಯೇ ಲೆಕ್ಕ ಮಾಡಿ, ಆ ವೇಗದಲ್ಲಿ ಅದು ಸುಮಾರು 4 ಸೆಂಟಿಮೀಟರ್, ಅಂದರೆ ಎರಡು ಬೆರಳಗಲ, ಎಂದು ತಿಳಿಸಿದರು.

ಆದರೆ ಫಲಿತಾಂಶದ ಪಟ್ಟಿಯಿಂದ ರೆಸ್‌ನ ಹೆಸರು ಬಿದ್ದುಹೋಯಿತು. ಮುಕ್ತಾಯದ ಹೊತ್ತಿಗೆ ಆತನ ದೇಹ ಪೂರ್ತಿಯಾಗಿ ನೀರಿನಲ್ಲಿ ಮುಳುಗಿತ್ತೆಂದು ತೀರ್ಪುಗಾರರು ಆತನನ್ನು ಅನರ್ಹಗೊಳಿಸಿದರು.

ಇದೆಂತಹ ತಪ್ಪು ಎಂದು ಕೇಳುವಿರಿ. ನಾನೂ ಕೇಳಿದೆ. 1988ರ ಸಿಯೋಲ್ ಒಲಿಂಪಿಕ್ ಕ್ರೀಡೆಗಳ ಕಾಲದಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಮೊದಲಾದವರು, 100 ಮೀಟರ್ ಪಂದ್ಯದ ಮೊದಲ ಮೂವತ್ತು ಮೀಟರಿಗೂ ಹೆಚ್ಚು ದೂರವನ್ನು ನೀರಿನಡಿಯಲ್ಲಿಯೇ, ಮೀನಿನಂತೆ ಕಾಲುಗಳನ್ನು ಜೋಡಿಸಿ ಬಡಿಯುತ್ತ ಸಾಗುತ್ತಿದ್ದರು. ಜಪಾನಿನ ಡೈಚಿ ಸುಜುಕಿಯು ಆ ವರ್ಷ ಬರ್ಕಾಫನನ್ನು ಸೋಲಿಸಿ ಚಿನ್ನ ಗೆದ್ದದ್ದೂ ಬಹುದೂರ ನೀರಿನಡಿಯಲ್ಲಿ ಸಾಗಿಯೇ. ಹೀಗಾದರೆ ಅಂಗಾತ ಈಜೆಂಬುದು ಉಳಿಯುವುದೆಲ್ಲಿ? ಆ ಬಳಿಕ ನಿಯಮ ಬಿಗಿಯಾಯಿತು. ಮೊದಲು 10 ಮೀಟರ್, ತರುವಾಯ 15 ಮೀಟರ್ ಮಾತ್ರ ಮುಳುಗಿರಬಹುದು, ಆಮೇಲೆ ದೇಹದ ಯಾವುದಾದರೊಂದು ಭಾಗ ನೀರಿನ ಮೇಲೆ ಕಾಣುತ್ತಲೇ ಇರಬೇಕು. ದೀರ್ಘಕಾಲ ಅಡಗಿ ಸಾಗುವವರನ್ನು ತಡೆಯಲು ಮಾಡಿದ ನಿಯಮವು, ಗೋಡೆಗಾಗಿ ತಲೆಯನ್ನೆಸೆದು ಕ್ಷಣಮಾತ್ರ ಮುಳುಗಿದವನನ್ನೂ ಹಿಡಿಯಿತು. ಒಳ್ಳೆಯ ನಿಯಮಗಳಿಗೂ ಈ ದೋಷ ತಪ್ಪದು. ನಮ್ಮ ಶಾಲೆಯ ನಿಯಮಾವಳಿಯನ್ನು ನಾನೇ ಬರೆದವಳಾದ್ದರಿಂದ ಬಲ್ಲೆ.

ರೆಸ್ ಹೋದನಾದ್ದರಿಂದ ಆರ್ಮ್‌ಸ್ಟ್ರಾಂಗ್ ಮೊದಲನೆಯವನಾದ, ಪೋಲೆಂಡಿನ ಬಾಲಕ ಎರಡನೆಯವನಾದ, ನಾಲ್ಕನೆಯವನಾಗಿದ್ದ ಇಟಲಿಯ ಥಾಮಸ್ ಚೆಕ್ಕೋನ್ ಮೂರನೆಯವನಾದ. ಅಮೆರಿಕದ ತಂಡದವರು ಮೇಲ್ಮನವಿ ಸಲ್ಲಿಸಿದರು. ತೀರ್ಪನ್ನು ಮರುಪರಿಶೀಲಿಸಿ ಅದನ್ನು ಹಿಂತೆಗೆದುಕೊಂಡರು. ರೆಸ್ ಮರಳಿ ವಿಜಯಿಯಾದ. ಉಳಿದವರೆಲ್ಲರೂ ಒಂದೊಂದು ಮೆಟ್ಟಿಲು ಕೆಳಗಿಳಿದರು.

ಮೊದಲು ತೀರ್ಪು ಕೊಟ್ಟವರನ್ನು ನಾನು ಹಳಿಯಲಾರೆ. ಆ ಕಡೆಯ ಕ್ಷಣವನ್ನು ಮೂರು ಸಾರಿ ನೋಡಿಯೂ, ನೊರೆಯ ನಡುವೆ ಆತನು ಮುಳುಗಿದ್ದನೋ ಇಲ್ಲವೋ ನನಗೆ ಹೇಳಲಾಗಲಿಲ್ಲ. ಆದರೆ ನನ್ನ ಮನಸ್ಸು ರೆಸ್‌ನ ಕಡೆಗೆ ಹೋಗಲೇ ಇಲ್ಲ. ಕೆಳಗಿಳಿದ ಮೂವರ ಬಳಿಯೇ ನಿಂತಿತು. ಅವರು ಮಾಡಿದ ತಪ್ಪೇನೂ ಇಲ್ಲ. ಕೊಟ್ಟವರೂ ತೀರ್ಪುಗಾರರೇ, ತೆಗೆದುಕೊಂಡವರೂ ತೀರ್ಪುಗಾರರೇ.

ಇನ್ನು ಏತಕ್ಕೆ ತೋರಿಸಿದರೆಂಬುದು. ಆ ವರ್ಷ ನಮ್ಮ ವಾರ್ಷಿಕೋತ್ಸವದ ಪ್ರಬಂಧ ಸ್ಪರ್ಧೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಗ್ಗದ ಮನೆಯ ಕುರಿತು ಬರೆದ ಪ್ರಬಂಧವನ್ನು ಪರೀಕ್ಷಕಿಯರಿಬ್ಬರೂ ಮೊದಲನೆಯದಾಗಿ ಆರಿಸಿದ್ದರು. ಓದಿದೊಡನೆ ನನಗೆ ಸಂಶಯ ಹುಟ್ಟಿತು. ಇಷ್ಟು ಹಣ್ಣಾದ ಭಾಷೆ ಹದಿನಾಲ್ಕರ ಹುಡುಗಿಯದಾಗಲಾರದು, ಎಲ್ಲಿಂದಲೋ ನಕಲು ಮಾಡಿದ್ದು ಎಂದು ನಿಶ್ಚಯಿಸಿ ಅದನ್ನು ತಳ್ಳಿಹಾಕಿದೆ. ಆಕೆಯನ್ನು ಕರೆದು ಒಂದು ಮಾತನ್ನೂ ಕೇಳಲಿಲ್ಲ. ಬಹುಮಾನದ ಪುಸ್ತಕ ಎರಡನೆಯವಳಿಗೆ ಸಂದಿತು. ಇಪ್ಪತ್ತೆರಡು ವರ್ಷಗಳ ಅನುಭವದ ಕಣ್ಣು ತಪ್ಪಲಾರದೆಂಬ ಗರ್ವ ನನಗಿತ್ತು.

ಹನ್ನೊಂದು ದಿನ ಕಳೆದ ಮೇಲೆ ಆಕೆಯ ತಾಯಿ ಬಂದರು. ಕೈಯಲ್ಲಿ ಕಿರಾಣಿ ಲೆಕ್ಕದ ಹಳೆಯ ಪುಸ್ತಕ. ಅದರ ಹಿಂಭಾಗದ ಹಾಳೆಗಳಲ್ಲಿ ಪ್ರಬಂಧದ ಒಂದೊಂದು ವಾಕ್ಯವೂ ಬರೆದು, ಹೊಡೆದು, ಮತ್ತೆ ಬರೆದದ್ದಾಗಿತ್ತು. “ನೋಡ್ರಿ ಟೀಚರ್, ಇದು ನಮ್ಮ ಅತ್ತೆಯವರ ಮಾತು. ಅವರು ಹೇಳ್ತಿದ್ದರು, ಇವಳು ಕೂತು ಬರ್ಕೊಳ್ತಿದ್ದಳು. ಅವರು ದೀಪಾವಳಿಯಾದ ಮೇಲೆ ತೀರಿಕೊಂಡರು,” ಎಂದರು. ಅಷ್ಟೇ. ಬೇರೆ ದೂರಿಲ್ಲ.

ಆ ಹಣ್ಣಾದ ಭಾಷೆ ಎಲ್ಲಿಯದೆಂದು ಆಗ ತಿಳಿಯಿತು.

ಏನು ಮಾಡಬೇಕೆಂಬುದರಲ್ಲಿ ಶಿಕ್ಷಕಿಯರ ಅಭಿಪ್ರಾಯ ಒಡೆಯಿತು. ಆಕೆಗೂ ಒಂದು ಪುಸ್ತಕವನ್ನು ಸದ್ದಿಲ್ಲದೆ ಕೊಟ್ಟರಾಯಿತು, ಎರಡನೆಯ ಮಗುವಿನ ಮನಸ್ಸನ್ನೇಕೆ ನೋಯಿಸಬೇಕು, ಮುಖ್ಯೋಪಾಧ್ಯಾಯಿನಿಯ ಮಾತಿಗೆ ಮುಂದೆ ಬೆಲೆಯೇನು ಎಂದರು ಕೆಲವರು. ನನಗೂ ಅದೇ ಹಿತವಾಗಿ ಕಂಡಿತೆಂದು ಒಪ್ಪಿಕೊಳ್ಳುತ್ತೇನೆ. ವ್ಯಾಯಾಮ ಶಿಕ್ಷಕಿಯವರು ವಾದಿಸಲಿಲ್ಲ. ಶಾಲೆ ಬಿಟ್ಟ ಮೇಲೆ ಬಂದು ಆ ಪಂದ್ಯವನ್ನು ತೋರಿಸಿ, ಮುಂದಿನ ಕಥೆಯನ್ನು ಹೇಳಿ, ಮನೆಗೆ ಹೋದರು.

ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಮೊದಲು ಎರಡನೆಯ ಹುಡುಗಿಯನ್ನು ಕೊಠಡಿಗೆ ಕರೆದು ನಡೆದದ್ದನ್ನು ಹೇಳಿದೆ. ಈ ಸಾರಿಯಾದರೂ ಮೊದಲು ಮಾತನಾಡೋಣವೆಂದು. ಆಕೆ ಅತ್ತಳು. ಅಳಬೇಡವೆನ್ನಲು ನನಗೆ ಅಧಿಕಾರವಿರಲಿಲ್ಲ. ಬಳಿಕ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ, ವೇದಪಾಠವಾದ ಮೇಲೆ, ಇಡೀ ಶಾಲೆಯ ಮುಂದೆ ನಿಂತು, ತಪ್ಪು ನನ್ನದು, ಆ ಇಬ್ಬರಲ್ಲಿ ಯಾರದೂ ಅಲ್ಲ ಎಂದು ಹೇಳಿದೆ. ಎರಡು ನಿಮಿಷದ ಮಾತು. ಅಷ್ಟು ಉದ್ದದ ಭಾಷಣವನ್ನು ನಾನು ಮಾಡಿಲ್ಲ.

ಮರುದಿನ ಎರಡನೆಯವಳು ಪುಸ್ತಕವನ್ನು ತಂದಳು. ಕಂದು ಕಾಗದದ ಹೊದಿಕೆ ಹಾಕಿದ್ದಳು. “ಒಳಗೆ ನನ್ನ ಹೆಸರು ಬರೆದುಬಿಟ್ಟಿದ್ದೇನೆ ಟೀಚರ್, ಆ ಹಾಳೆ ಹರಿಯಲೇ?” ಎಂದು ಕೇಳಿದಳು. ಬೇಡವೆಂದೆ. ಅದೇ ಹಾಳೆಯಲ್ಲಿ ಕೆಳಗೆ ಮೊದಲನೆಯವಳ ಹೆಸರನ್ನು ಬರೆದು, ನಾನು ಇನ್ನೊಮ್ಮೆ ರುಜು ಹಾಕಿದೆ.

ಈಜಿನವರು 2023ರಲ್ಲಿ ನಿಯಮವನ್ನೇ ತಿದ್ದಿದರು. ಕಡೆಯ 5 ಮೀಟರಿನ ಗುರುತನ್ನು ತಲೆ ದಾಟಿದ ಮೇಲೆ ದೇಹ ಪೂರ್ತಿ ಮುಳುಗಿದರೂ ಈಗ ತಪ್ಪಲ್ಲ. ನಾವೂ ನಮ್ಮ ನಿಯಮಾವಳಿಗೆ ಒಂದು ಸಾಲು ಸೇರಿಸಿದೆವು: ಬರೆದವಳನ್ನು ಕಂಡು ಮಾತನಾಡದೆ ಯಾವ ಪ್ರಬಂಧವನ್ನೂ ತಳ್ಳಿಹಾಕತಕ್ಕದ್ದಲ್ಲ.

ಆ ಲೆಕ್ಕದ ಪುಸ್ತಕವನ್ನು ಶಾಲೆಯ ಕಪಾಟಿನಲ್ಲಿ ಇಟ್ಟುಕೊಳ್ಳೋಣವೆಂದು ತಾಯಿಯನ್ನು ಕೇಳಿದೆ. ಅವರು ಒಪ್ಪಲಿಲ್ಲ. ಇನ್ನೂ ಹಾಳೆಗಳು ಉಳಿದಿವೆಯೆಂದರು.