ತಾಪಿಯಿಂದ ಸಾಬರಮತಿಗೆ

ಅಣ್ಣನ ವರ್ಷಾಬ್ದಿಕ ಮುಗಿದ ಮರುವಾರವೇ ನಾನು ಪ್ರಯಾಣಕ್ಕೆ ಅಣಿಯಾದುದನ್ನು ಕಂಡು ಅತ್ತಿಗೆ, “ಯಾವ ಕ್ಷೇತ್ರಕ್ಕೆ ಹೋಗ್ತೀರಿ?” ಎಂದು ಕೇಳಿದರು. ಸೂರತ್ತು, ವಡೋದರಾ, ಅಹಮದಾಬಾದು ಎಂದೆ. ಅವರು ಮರುಮಾತಾಡದೆ ಚಕ್ಕುಲಿಯ ಡಬ್ಬವನ್ನು ಚೀಲಕ್ಕಿಟ್ಟರು. ವರ್ಷವಿಡೀ ನಿದ್ರೆಯೂ ಜಪವೂ ಕೈಕೊಟ್ಟಿದ್ದ ನನಗೆ, ನೆಮ್ಮದಿಗೆಟ್ಟ ಮಹನೀಯರು ಆ ಗಳಿಗೆಯನ್ನು ಕಳೆದ ಎಡೆಗಳನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ಹುಟ್ಟಿತ್ತು.

ಸೂರತ್ತಿನಲ್ಲಿ ಇಳಿದವನು ತಾಪಿಯ ದಂಡೆಗೆ ಹೋಗುವ ಮುನ್ನ ಲೋಚೋ ತಿಂದೆ. ಕಡಲೆಬೇಳೆಯ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಎಣ್ಣೆ, ಸೇವು, ಈರುಳ್ಳಿಗಳನ್ನು ಸುರಿದು ಕೊಡುವ, ಆಕಾರವೇ ಇಲ್ಲದ ತಿಂಡಿ. ಲೋಚೋ ಎಂದರೆ ಗುಜರಾತಿಯಲ್ಲಿ ಎಡವಟ್ಟೆಂದೂ ಅರ್ಥವಂತೆ. 1907ರ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯದು: ರಾಸಬಿಹಾರಿ ಘೋಷರ ಅಧ್ಯಕ್ಷತೆಯ ವಿಷಯದಲ್ಲಿ ಎದ್ದ ಕೋಲಾಹಲದಲ್ಲಿ ವೇದಿಕೆಗೆ ಜೋಡೊಂದು ತೂರಿಬಂದು, ಮಂದಗಾಮಿಗಳೂ ತೀವ್ರಗಾಮಿಗಳೂ ಇಬ್ಭಾಗವಾದರು.

ಆ ಗದ್ದಲದಿಂದ ಹೊರಬಿದ್ದ ಅರವಿಂದ ಘೋಷರು ಹೋದದ್ದು ವಡೋದರೆಗೆ. 1893ರಿಂದ 1906ರವರೆಗೆ ತಾವು ಸೇವೆಯಲ್ಲಿದ್ದ ಊರಿಗೆ. ಅಲ್ಲಿ ವಿಷ್ಣು ಭಾಸ್ಕರ ಲೇಲೆ ಎಂಬ ಮಹಾರಾಷ್ಟ್ರದ ಯೋಗಿಯೊಡನೆ ಸರದಾರ ಮಜುಮ್‌ದಾರರ ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಮೂರು ದಿನ ಕುಳಿತರು. ಲೇಲೆಯವರ ಉಪದೇಶ ಬಹಳ ಸರಳ: ಮನಸ್ಸನ್ನಷ್ಟೇ ನೋಡುತ್ತಿರು, ಆಲೋಚನೆಗಳು ಹೊರಗಿನಿಂದ ಬರುವುದು ಕಾಣುತ್ತದೆ, ಒಳಹೊಗುವ ಮೊದಲೇ ಅವನ್ನು ದೂಡಿಬಿಡು. ಮೂರು ದಿನಗಳಲ್ಲಿ ಅರವಿಂದರ ಚಿತ್ತ ನಿಶ್ಶಬ್ದವಾಯಿತು. ಆಮೇಲೆ ಮುಂಬಯಿಯ ಸಭೆಯಲ್ಲಿ ಆಡಲು ಮಾತೇ ಹೊಳೆಯದಿದ್ದಾಗ, ಸಭಿಕರಿಗೆ ನಮಸ್ಕರಿಸಿ ಕಾದುನಿಲ್ಲಬೇಕೆಂದು ಲೇಲೆ ಸೂಚಿಸಿದರು. ಮಾತು ತಾನಾಗಿ ಬಂದಿತು. 1908ರ ಮೇ ತಿಂಗಳಲ್ಲಿ ಸೆರೆಮನೆಯೂ ಬಂದಿತೆನ್ನುವುದನ್ನು ಮರೆಯಲಾಗದು.

ದಾಂಡಿಯಾ ಬಜಾರಿನ ಅರವಿಂದ ನಿವಾಸದಲ್ಲಿ, ಹೊರಗಿನ ರಿಕ್ಷಾಗಳ ಸದ್ದು ಕಿವಿಗಪ್ಪಳಿಸುತ್ತಿರಲು, ನಾನೂ ಕಣ್ಣುಮುಚ್ಚಿ ಕುಳಿತೆ. ದೂಡಬೇಕಾದ ಆಲೋಚನೆ ಒಂದೇ ಒಂದಾಗಿತ್ತು. ಕೊನೆಯ ದಿನ ಅಣ್ಣ ಕೇಳಿದ ಕಾಫಿಯನ್ನು ವೈದ್ಯರ ಮಾತಿಗೆ ಕಟ್ಟುಬಿದ್ದು ನಾನು ಕೊಡಲಿಲ್ಲ. ಅದು ಹೊರಗಿನಿಂದ ಬರುತ್ತಿರಲಿಲ್ಲ, ಮನೆಯವನಂತೆ ಒಳಗೇ ಕುಳಿತಿತ್ತು. ಕಾಲುಗಂಟೆಗೆ ಸೋತು ಎದ್ದೆ.

ಸಂಜೆ ಸಯಾಜಿ ಬಾಗಿಗೆ ಹೋದೆ. 1917ರಲ್ಲಿ ವಿದೇಶದಿಂದ ಮರಳಿ ಸಂಸ್ಥಾನದ ಸೇವೆಗೆ ಬಂದ ಅಂಬೇಡ್ಕರರು, ಜಾತಿಯ ಕಾರಣದಿಂದ ತಂಗಿದ್ದ ವಸತಿಯಿಂದ ಹೊರದೂಡಲ್ಪಟ್ಟು, ಈ ಉದ್ಯಾನದಲ್ಲಿಯೇ ಕಣ್ಣೀರಿಟ್ಟರು. ಸಂಕಲ್ಪಭೂಮಿ ಎಂದು ಈಗ ಜನ ಕೈಮುಗಿಯುವ ಸ್ಥಳವದು. ಸಂಕಲ್ಪದ ಮಾತನ್ನು ಎಲ್ಲರೂ ಹೇಳುತ್ತಾರೆ. ನನಗಾದರೋ ಅದಕ್ಕೆ ಮುಂಚಿನ ಕಣ್ಣೀರಿನ ಮೇಲೆಯೇ ಮನಸ್ಸು ನಿಂತಿತು.

ಅಹಮದಾಬಾದಿನಲ್ಲಿ, ಸಾಬರಮತಿ ಆಶ್ರಮದ ಮಗನ್ ನಿವಾಸದೆದುರು ಆ ಮನಸ್ಸಿಗೆ ಜೊತೆ ಸಿಕ್ಕಿತು. ಚರಕದ ಕೆಲಸಕ್ಕೆ ಬೆನ್ನೆಲುಬಾಗಿದ್ದ ಮಗನಲಾಲ ಗಾಂಧಿ 1928ರ ಏಪ್ರಿಲಿನಲ್ಲಿ ಪಾಟ್ನಾದಲ್ಲಿ ತೀರಿಕೊಂಡಾಗ, ಅನಾಸಕ್ತಿಯನ್ನು ಲೋಕಕ್ಕೆಲ್ಲ ಬೋಧಿಸಿದ ಗಾಂಧೀಜಿ, ಅಳುತ್ತಿದ್ದ ಮಗನಲಾಲರ ವಿಧವೆಗಿಂತ ತಮ್ಮ ವೈಧವ್ಯವೇ ದೊಡ್ಡದೆಂಬ ಅರ್ಥದಲ್ಲಿ ಬರೆದರು. ಎರಡು ವರ್ಷ ಕಳೆಯುವುದರೊಳಗೆ, 1930ರ ಮಾರ್ಚ್ 12ರಂದು, 78 ಮಂದಿ ಸಂಗಡಿಗರೊಡನೆ ಇದೇ ಅಂಗಳದಿಂದ ದಂಡಿಗೆ ಹೊರಟರು. ಅವರಲ್ಲಿ ನಮ್ಮ ಮೋಟೆಬೆನ್ನೂರಿನ ಹರೆಯದ ಮೈಲಾರ ಮಹಾದೇವಪ್ಪನವರೂ ಇದ್ದರು. ನಾನು ರೈಲಿನಲ್ಲಿ ಬಂದ ಸೂರತ್ತಿನ ಸೀಮೆಯನ್ನು ಅವರು ಕಾಲ್ನಡೆಯಲ್ಲಿ ಹೊಕ್ಕು ದಾಟಿದ್ದರು.

ಗಾಂಧೀಜಿಯವರ ಮನೆಯಾಗಿದ್ದ ಹೃದಯಕುಂಜದ ಜಗಲಿಯಲ್ಲಿ ಒಬ್ಬ ಹೆಂಗಸು ನೂಲುತ್ತಿದ್ದರು. ನನ್ನ ಕೈಗೂ ಹಂಜಿ ಕೊಟ್ಟರು. ಮೂರು ಸಲ ಎಳೆದೆ. ಮೂರು ಸಲವೂ ನೂಲು ಕಡಿಯಿತು. “ಕಶೋ ವಾಂಧೋ ನಹೀಂ, ಕಾಕಾ,” ಏನೂ ಪರವಾಗಿಲ್ಲ ಎಂದು, ಕಡಿದ ತುದಿಯನ್ನು ಹಂಜಿಯ ಮೇಲೆ ಮೆಲ್ಲನೆ ಇಟ್ಟು, ಹೆಬ್ಬೆರಳಿನಿಂದ ಒಂದಿಷ್ಟು ಒತ್ತಿ, ಚಕ್ರವನ್ನು ಮತ್ತೆ ತಿರುಗಿಸಿದರು. ನಾನು ಹಂಜಿಯನ್ನು ಕೆಳಗಿಡಲಿಲ್ಲ.