ಅಟ್ಟದ ಮೇಲಿನ ದಾಂಡು

ಅಮೇರಿಕೆಯ ಬೇಸ್‌ಬಾಲ್ ಆಟದಲ್ಲಿ ಬೇಬ್ ರೂತನು ಮೊದಲು ಚೆಂಡೆಸೆಯುವುದರಲ್ಲಿ ಹೆಸರಾಗಿ, ಬಳಿಕ ದಾಂಡಿನಿಂದ 714 ಹೋಂರನ್ನುಗಳನ್ನು ಹೊಡೆದನೆಂದು ನಮ್ಮ ಶಾಲೆಯ ವ್ಯಾಯಾಮದ ಗುರುಮಾತೆಯರು ಹೇಳುತ್ತಿದ್ದರು. ಅಂಥ ಇಬ್ಬಗೆಯ ನೈಪುಣ್ಯವು ನಮ್ಮ ನಾಡಿನ ಹೆಣ್ಣುಮಗಳಲ್ಲಿಯೂ ಉಂಟೆಂದು ನಾನು ತಿಳಿದುದು 1977ರಲ್ಲಿ.

ಅಷ್ಟರೊಳಗೆ ಅಂಕಲಗಿಯ ನಮ್ಮ ಮನೆಯ ಹಿರಿಯರು, ನನಗೆ ಹದಿಮೂರು ತುಂಬಿತೆಂದು, ಅಣ್ಣಂದಿರೊಡನೆ ಆಡುವುದನ್ನು ನಿಲ್ಲಿಸಿ ದಾಂಡನ್ನು ಅಟ್ಟಕ್ಕೇರಿಸಿದ್ದರು. ಅತ್ತು ಫಲವಾಗಲಿಲ್ಲ. ಒಂದು ದಿನ ಬೆಲ್ಲ ಕಟ್ಟಿ ತಂದ ಹಳೆಯ ವೃತ್ತಪತ್ರದಲ್ಲಿ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ಸುದ್ದಿಯಿತ್ತು. ನ್ಯೂಝೀಲಂಡಿನ ಡುನೆಡಿನ್ನಿನಲ್ಲಿ 108 ಓಟ. ಟೆಸ್ಟ್ ಕ್ರಿಕೆಟಿನಲ್ಲಿ ಭಾರತೀಯ ಮಹಿಳೆಯ ಮೊದಲ ಶತಕ! ನಾಯಕಿಯೂ ಅವರೇ, ಮಧ್ಯಮವೇಗದ ಚೆಂಡೆಸೆಯುವವರೂ ಅವರೇ. 1976ರಲ್ಲಿ ಪಾಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಮಣಿಸಿ ಮೊದಲ ಜಯವನ್ನು ತಂದ ತಂಡವೂ ಅವರದೇ. ಆ ಕಾಲದ ಆಟಗಾರ್ತಿಯರು ಸ್ಥಳ ಕಾದಿರಿಸದ ರೈಲುಡಬ್ಬಿಗಳಲ್ಲಿ ಪಯಣಿಸಿ ನೆಲದ ಮೇಲೆ ಮಲಗುತ್ತಿದ್ದರೆಂಬುದನ್ನು ಬಹು ತಡವಾಗಿ ಓದಿದೆನು. ಹಣದ ಮಾತಂತೂ ಬೇಡ.

ತಾಯಿಯವರಿಗೆ ಓದು ಬಾರದು. ನಾನೇ ಓದಿ ಹೇಳಿದೆನು. “ಆಕೆಗೆ ಮನೆಯಲ್ಲಿ ಯಾರೂ ಬೈಯಲಿಲ್ಲವೇ?” ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ದಾಂಡು ಅಟ್ಟದಿಂದಿಳಿದು ಬಾಗಿಲ ಮರೆಯಲ್ಲಿ ನಿಂತಿತ್ತು.